ಬೆಂಕಿ ಹಚ್ಚುವುದು ನೀರು

ಬೇಸಿಗೆಯಲ್ಲಿ ಕಲಬುರಗಿಯ ಟಾಕಿ ನೀರೇ ಸುಡುತ್ತದೆ, ಗೀಸರ್ ಯಾರಿಗೆ ಬೇಕು? ಅದರ ನೆನಪಾಗುವುದು ಡಿಸೆಂಬರ್‌ನಲ್ಲಿ. ಹಾಗೆ ಒಂದು ಬೆಳಿಗ್ಗೆ ತಲೆಗೆಲ್ಲ ಸೋಪು ಹಚ್ಚಿಕೊಂಡು ನಳ ತಿರುವಿದರೆ ನಮ್ಮ ಗ್ಯಾಸ್ ಗೀಸರ್ ಸುಮ್ನೆ ಕೂತಿತ್ತು. ಟಕಟಕ ಸದ್ದೂ ಇಲ್ಲ. ಸಿಲಿಂಡರ್ ಎತ್ತಿ ನೋಡಿದೆ, ಭಾರವಾಗೇ ಇತ್ತು. ಹೊಸ ಸೆಲ್ಲು ಹಾಕಿದೆ. ಊಹೂಂ.

ಮೆಕ್ಯಾನಿಕ್ ಹುಡುಗ ಬಂದವನು ಗೀಸರ್ ಮುಟ್ಟಲೇ ಇಲ್ಲ. ಬಕೆಟ್ ಇಟ್ಟು ಬಿಸಿನೀರಿನ ನಳ ಬಿಟ್ಟ. ನೀರು ಸಣ್ಣಗೆ ಸುರಿಯಿತು. "ಗ್ಯಾಸಿಂದಲ್ರಿ ಅಣ್ಣಾರೆ, ನೀರಿಂದೇ ಪ್ರಾಬ್ಲಮ್ ಅದ" ಅಂದ.

ನಾನು ತಿಳಿದಿದ್ದು ಉಲ್ಟಾ. ಗ್ಯಾಸ್ ಉರಿದು ನೀರು ಕಾಯಿಸುತ್ತದೆ, ಸರಿ. ಆದರೆ ಆ ಗ್ಯಾಸಿಗೆ ದಾರಿ ಬಿಡುವುದು ನೀರು! ಗೀಸರ್ ಒಳಗೆ ಡಯಾಫ್ರಮ್ ಅನ್ನುವ ರಬ್ಬರ್ ಪೊರೆ ಇದೆ. ನೀರು ಹರಿಯತೊಡಗಿದಾಗ ಅದರ ಎರಡು ಬದಿಯ ಒತ್ತಡ ಬೇರೆ ಬೇರೆಯಾಗುತ್ತದೆ. ಪೊರೆ ಒಂದು ಕಡೆ ಉಬ್ಬಿ ಸಣ್ಣ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಸ್ವಿಚ್ ಒತ್ತುತ್ತದೆ. ಆಮೇಲೆ ಎರಡು ಸೆಲ್ಲಿನ 3 ವೋಲ್ಟ್ ಕೆಲಸ ಶುರು: ಕಿಡಿ ಹಾರಿಸುವುದು, ಗ್ಯಾಸಿನ ವಾಲ್ವ್ ತೆರೆಯುವುದು. ನಿಂತ ನೀರಿಗೆ ಎಷ್ಟೇ ಒತ್ತಡವಿದ್ದರೂ ಪೊರೆ ಅಲುಗುವುದಿಲ್ಲ. ನೀರು ಹರಿಯಲೇಬೇಕು.

ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಕೊಡುತ್ತದೆ. ನಮ್ಮ ಟಾಕಿ ಗೀಸರ್‌ಗಿಂತ ಎರಡೂವರೆ ಮೀಟರ್ ಮೇಲಿದೆ. ಅಂದರೆ ಬರೀ ಕಾಲು ಕಿಲೋ. ದಾರಿಯಲ್ಲಿ ಸ್ವಲ್ಪ ಅಡ್ಡ ಬಂದರೂ ಮುಗೀತು.

ಹುಡುಗ ನೀರು ಒಳಬರುವ ಕಡೆಯ ಜಾಲರಿ ಬಿಚ್ಚಿ ಅಂಗೈಗೆ ಕೊಡವಿದ. ರವೆಯಂಥ ಬಿಳಿ ಹರಳು. "ಒಳಗ ಕಾಯಿಲ್‌ನಾಗೂ ಇದೇ ಕುಂತಿರ್ತದ" ಅಂದ. ಕಾಯಿಲ್ ಅಂದರೆ ನೀರು ಕಾಯುವ ತಾಮ್ರದ ಕೊಳವೆ. ಅಡುಗೆಮನೆಯಿಂದ ನಿಂಬೆಹೋಳು ತಂದು ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಕಟ್ಟೆಗೆ ಹಾಕಿದ ಶಹಾಬಾದ್ ಕಲ್ಲಿನ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹೋಗುತ್ತದಲ್ವಾ, ಇದೂ ಅದೇ ರಸಾಯನ. ನಮ್ಮ ಕಡೆಯ ನೆಲದಡಿ ಸುಣ್ಣದಕಲ್ಲು ಹೇರಳ. ಮಣ್ಣಿನಲ್ಲಿ ಇಳಿಯುವ ಮಳೆನೀರು ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಹುಳಿಯಾಗಿ, ಆ ಕಲ್ಲನ್ನು ಕರಗಿಸಿ ಬೋರ್‌ವೆಲ್‌ಗೆ ತರುತ್ತದೆ. ಕಾಯಿಸಿದಾಗ ಆ ಅನಿಲ ಹಾರಿಹೋಗಿ ಕಲ್ಲು ಮತ್ತೆ ಕಲ್ಲಾಗುತ್ತದೆ, ಈ ಸಲ ಕಾಯಿಲಿನ ಒಳಗೆ! ತಾಮ್ರ ದಾಟಿಸುವ ಶಾಖದ ನೂರನೇ ಒಂದು ಪಾಲನ್ನೂ ಈ ಕಲ್ಲು ದಾಟಿಸುವುದಿಲ್ಲ. ಗ್ಯಾಸ್ ಜಾಸ್ತಿ ಉರಿಯುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ.

ಟಕಟಕ ಸದ್ದಿದ್ದೂ ಉರಿ ಬರದಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಕಡೆ ನೋಡಬೇಕು. ಹೊತ್ತಿ ತಕ್ಷಣ ಆರಿದರೆ ಕತೆ ಬೇರೆ. ಉರಿಯಲ್ಲಿ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಇರುವುದರಿಂದ ಅದರ ಮೂಲಕ ಸಣ್ಣ ಕರೆಂಟು ಹರಿಯುತ್ತದೆ. ಉರಿಗೆ ತಾಗಿರುವ ಕಡ್ಡಿಯೊಂದು ಈ ಕರೆಂಟನ್ನು ಗುರುತಿಸುತ್ತಿರುತ್ತದೆ. ಕಡ್ಡಿಗೆ ಮಸಿ ಹಿಡಿದರೆ ಉರಿ ಇದ್ದರೂ ಇಲ್ಲ ಅಂದುಕೊಂಡು ಗ್ಯಾಸ್ ಬಂದ್ ಆಗುತ್ತದೆ. ಅದು ದೋಷ ಅನ್ನುವುದಕ್ಕಿಂತ ಕಾವಲು.

ಹೋಗುವಾಗ ಹುಡುಗ ಬೈದ. "ಬಚ್ಚಲದಾಗ ಯಾರ್ರೀ ಹಾಕಿದ್ದು ಇದನ್ನ?" ನಾನು ಲೆಕ್ಕ ಹಾಕಿದೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡಲು ಹತ್ತು ಕಿಲೋವ್ಯಾಟ್‌ಗೂ ಜಾಸ್ತಿ ಬೇಕು. ಅಂದರೆ ನಿಮಿಷಕ್ಕೆ ಸುಮಾರು 16 ಗ್ರಾಂ ಗ್ಯಾಸ್. ಅದು ಉರಿಯಲು 200 ಲೀಟರ್‌ನಷ್ಟು ಗಾಳಿ. ಹತ್ತು ನಿಮಿಷದ ಸ್ನಾನಕ್ಕೆ 2,000 ಲೀಟರ್. ನಮ್ಮ ಬಚ್ಚಲಲ್ಲಿ ಇರುವ ಗಾಳಿಯೇ ಒಟ್ಟು ನಾಲ್ಕು ಸಾವಿರ ಚಿಲ್ಲರೆ ಲೀಟರ್! ಬಾಗಿಲು, ಕಿಟಕಿ ಹಾಕಿಕೊಂಡರೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟುತ್ತದೆ. ತಲೆ ಸುತ್ತಿದ್ದು ಬಿಸಿನೀರಿನಿಂದ ಅಂದುಕೊಂಡು ಅಲ್ಲೇ ಕೂತವರು ಏಳುವುದಿಲ್ಲ. ಕಿಟಕಿ ತೆರೆದಿಟ್ಟರಾಯಿತು ಅನ್ನುವವರಿದ್ದಾರೆ. ಚಳಿಯಲ್ಲಿ ಯಾರು ತೆರೆದಿಡುತ್ತಾರೆ ಹೇಳಿ?

ಮರುದಿನವೇ ಗೀಸರ್ ಹೊರಗಿನ ಗೋಡೆಗೆ ಹೋಯಿತು. ಪೈಪು ಉದ್ದವಾಗಿದ್ದಕ್ಕೆ ಮೊದಲ ಅರ್ಧ ಬಕೆಟ್ ತಣ್ಣೀರೇ ಬರುತ್ತದೆ. ಅದನ್ನು ಹಿತ್ತಲ ಕರಿಬೇವಿಗೆ ಹಾಕುತ್ತೇವೆ.