ಗೆಳೆಯನಿಗೆ ಕೋಡ್ ಕೊಟ್ಟ ಮಗನಿಗೂ ಶಿಕ್ಷೆ ಯಾಕೆ?

ಪ್ರಶ್ನೆ: ಮಗ ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದಾನೆ. ರೂಮ್‌ಮೇಟ್ ಕೇಳಿದ ಅಂತ ಅಸೈನ್‌ಮೆಂಟಿನ ಕೋಡ್ ಕಳಿಸಿದ್ದಾನೆ. ಈಗ ಇಬ್ಬರಿಗೂ ನೋಟಿಸ್ ಬಂದಿದೆ. ಕಾಪಿ ಹೊಡೆದವನು ಅವನು, ಸಹಾಯ ಮಾಡಿದ ನನ್ನ ಮಗನದೇನು ತಪ್ಪು?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಕಲಿಸಿದವರೇ ನಾವು, ಅಲ್ವಾ? ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಬ್ಬರ ಲ್ಯಾಬ್ ರೆಕಾರ್ಡ್ ಇಡೀ ಕ್ಲಾಸ್ ಸುತ್ತುತ್ತದೆ. ಮೇಷ್ಟ್ರಿಗೂ ಗೊತ್ತಿರುತ್ತದೆ, ಸಹಿ ಹಾಕುತ್ತಾರೆ. ನಿಜವಾದ ಪರೀಕ್ಷೆ ಎಕ್ಸಾಮ್ ಹಾಲಿನೊಳಗೆ ನಡೆಯುತ್ತದೆ ಅನ್ನುವ ನಂಬಿಕೆ ನಮ್ಮದು. ಅಲ್ಲಿ ಉತ್ತರ ತೋರಿಸಿದರೆ ಅದು ಕಾಪಿ ಅಂತ ಎಲ್ಲರೂ ಒಪ್ಪುತ್ತೇವೆ. ಆದರೆ ಹಾಲಿನೊಳಗೂ ನಾವು ಹೇಳಿಕೊಳ್ಳುವಷ್ಟು ಬಿಗಿ ಇರಲಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ದೂರದಿಂದಲೇ ನೇರ ನಿಗಾ) ತಂದ ವರ್ಷ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೆ.

ಅಮೆರಿಕದ ಎಷ್ಟೋ ಕೋರ್ಸುಗಳಲ್ಲಿ ಮನೆಯಲ್ಲಿ ಬರೆಯುವ ಅಸೈನ್‌ಮೆಂಟಿಗೇ ದೊಡ್ಡ ಪಾಲು ಅಂಕ. ಹಾಗಾಗಿ ರೂಮಿನ ಮೇಜೇ ಪರೀಕ್ಷಾ ಹಾಲು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1842ರಿಂದ ಹಾನರ್ ಪದ್ಧತಿ, ಅಂದರೆ ಪ್ರಾಮಾಣಿಕವಾಗಿ ಬರೆದಿದ್ದೇನೆ ಅಂತ ವಿದ್ಯಾರ್ಥಿಯೇ ಮಾತು ಕೊಡುವ ಕ್ರಮ, ಇದೆ. ಅಲ್ಲಿ ವಿದ್ಯಾರ್ಥಿ ಬರೆದುಕೊಡುವ ಮಾತು ಹೀಗಿದೆ: ನೆರವು ಪಡೆದಿಲ್ಲ, ಕೊಟ್ಟೂ ಇಲ್ಲ. ಕೊಟ್ಟವರಿಗೂ ಪಡೆದವರಿಗೂ ಅಲ್ಲಿ ಒಂದೇ ನಿಯಮ. ಇನ್ನೊಂದು ಕಾರಣ ತಾಂತ್ರಿಕವಾದದ್ದು. ಮಾಸ್ ಎಂಬ ತಂತ್ರಾಂಶ 1994ರಿಂದ ಪ್ರೋಗ್ರಾಂಗಳನ್ನು ಹೋಲಿಸಿ ನೋಡುತ್ತಿದೆ. ಕೋಡಿನಲ್ಲಿ ಬಳಸಿದ ಹೆಸರುಗಳನ್ನು (ವೇರಿಯಬಲ್) ಬದಲಿಸಿದರೂ ಕೋಡಿನ ರಚನೆ ಸಿಕ್ಕಿಬೀಳುತ್ತದೆ. ಆದರೆ ಯಾರದು ಮೂಲ, ಯಾರದು ನಕಲು ಅಂತ ಅದು ಹೇಳುವುದಿಲ್ಲ. ಅದಕ್ಕೇ ಇಬ್ಬರನ್ನೂ ಕರೆಯುತ್ತಾರೆ.

ಇದು ಭಾರತೀಯರ ಚಾಳಿ ಅಂತ ಯಾರಾದರೂ ಅಂದರೆ ನಂಬಬೇಡಿ. 2012ರಲ್ಲಿ ಹಾರ್ವರ್ಡಿನಲ್ಲಿ ಒಂದೇ ಕೋರ್ಸಿನ ಸುಮಾರು 125 ವಿದ್ಯಾರ್ಥಿಗಳ ಮೇಲೆ ಇಂಥದ್ದೇ ಆರೋಪ ಬಂತು. ಮನೆಯಲ್ಲಿ ಬರೆಯುವ ಪರೀಕ್ಷೆ. ಪುಸ್ತಕ, ಇಂಟರ್‌ನೆಟ್ ಎಲ್ಲಾ ನೋಡಬಹುದಿತ್ತು, ಇನ್ನೊಬ್ಬರ ಜೊತೆ ಚರ್ಚಿಸುವ ಹಾಗಿರಲಿಲ್ಲ. ಎಷ್ಟೋ ಮಂದಿ ಕೆಲಕಾಲ ಕಾಲೇಜು ಬಿಡಬೇಕಾಯಿತು.

ಹಾಗಂತ ಕಂಬೈನ್ಡ್ ಸ್ಟಡಿಯನ್ನು ಯಾರೂ ತಡೆಯುವುದಿಲ್ಲ. ಬೋರ್ಡ್ ಮುಂದೆ ನಿಂತು ಲೆಕ್ಕದ ದಾರಿ ಚರ್ಚಿಸಿ, ಅಳಿಸಿ, ಆಮೇಲೆ ಅವರವರು ಬರೆಯುವುದಕ್ಕೆ ಎಷ್ಟೋ ಪ್ರೊಫೆಸರುಗಳ ಒಪ್ಪಿಗೆ ಇರುತ್ತದೆ. ಯಾರ ಜೊತೆ ಮಾತಾಡಿದೆ ಅಂತ ಹೆಸರು ಬರೆಯಬೇಕು, ಅಷ್ಟೇ. ಕೋರ್ಸಿನ ಸಿಲಬಸ್ಸಿನಲ್ಲೇ ಇದೆಲ್ಲ ಇರುತ್ತದೆ. ನನ್ನ ಮಟ್ಟಿಗೆ ಹೀಗೆ ಚರ್ಚಿಸಿ ಕಲಿಯುವುದೇ ಹೆಚ್ಚಿನ ಗೆಳೆತನ. ಕೋಡ್ ಪಡೆದ ಹುಡುಗ ಅದರಿಂದ ಏನೂ ಕಲಿಯಲಿಲ್ಲ.

ಈಗ ಮಗನಿಗೆ ಒಂದು ಮಾತು ಹೇಳಿ. ಚಾಟ್ ಅಳಿಸಬಾರದು, ರೂಮ್‌ಮೇಟ್ ಜೊತೆ ಕೂತು ಕಥೆ ಕಟ್ಟಬಾರದು. ವಿಚಾರಣೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಲಿ. ಸಸ್ಪೆಂಡ್ ಆದರೆ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾಕ್ಕೂ ತೊಂದರೆ ಆಗುತ್ತದೆ. ಆದ್ದರಿಂದ ನೋಟಿಸಿಗೆ ಉತ್ತರ ಬರೆಯುವ ಮೊದಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಮಾತಾಡಲಿ.