ವಾಲಿಯ ಚಿತೆಯಲ್ಲ, ದನದ ದೊಡ್ಡಿ

ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅಂತ ಜನ ತೋರಿಸುತ್ತಾರೆ. ಕಥೆ ಚೆನ್ನಾಗಿದೆ, ಇರಲಿ. ಅದನ್ನೇ ಇತಿಹಾಸ ಅಂದುಕೊಂಡರೆ ಮಾತ್ರ ನಷ್ಟ ನಮಗೇ. ಕಲ್ಲಿನ ಕೊಡಲಿ ಹಿಡಿದಿದ್ದ ದನಗಾಹಿಗಳು 4000 ವರ್ಷಕ್ಕೂ ಹಿಂದೆ ಕಟ್ಟಿದ ದೊಡ್ಡಿಗಳ ಗುರುತು ಇಂಥ ಬೂದಿದಿಬ್ಬಗಳು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಬಳಿ ದಾರಿ ಪಕ್ಕದಲ್ಲೇ ಇಂಥದ್ದೊಂದು ದೊಡ್ಡ ದಿಬ್ಬ ಸಿಗುತ್ತದೆ. ಹಂಪಿಗೆ ಹೊರಟವರು ಅತ್ತ ತಿರುಗಿಯೂ ನೋಡುವುದಿಲ್ಲ. ನೀವು ಇಳಿದು ಅದರ ಕೊರೆದ ಮಗ್ಗುಲು ನೋಡಿ. ಮೆತ್ತನೆಯ ಬೂದಿಯ ಜೊತೆಗೇ ಗಟ್ಟಿ ಕಿಟ್ಟ ಕಾಣುತ್ತದೆ. ಮೈತುಂಬ ತೂತು, ಗಾಜಿನಂಥ ಹೊಳಪು, ಕಲ್ಲಿಗಿಂತ ಹಗುರ. ಜ್ವಾಲಾಮುಖಿಯದು ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಸಗಣಿ!

ಸಗಣಿ ಗಾಜಾಗುವುದು ಹೇಗೆ? ಮರಳಿನಲ್ಲಿರುವ ಸಿಲಿಕಾ ಹುಲ್ಲಿನಲ್ಲೂ ಇದೆ. ಒರಟು ಹುಲ್ಲಿನ ಅಂಚು ಬೆರಳು ಕೊಯ್ಯುತ್ತದಲ್ವಾ, ಅದರಿಂದಲೇ. ದನದ ಹೊಟ್ಟೆಯಲ್ಲಿ ಅದು ಕರಗದೆ ಸಗಣಿಗೆ ಬರುತ್ತದೆ. ಬರೀ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಕಾವು ಬೇಕು. ಆದರೆ ಸಗಣಿಯಲ್ಲಿ ಪೊಟ್ಯಾಸಿಯಂ ಕೂಡ ಇದೆ. ಗಾಜು ಮಾಡುವವರು ಮರಳಿಗೆ ಸೋಡಾ ಬೆರೆಸಿದ ಹಾಗೆ, ಅದು ಕರಗುವ ಕಾವನ್ನು ನೂರಾರು ಡಿಗ್ರಿ ಇಳಿಸುತ್ತದೆ. ಒಲೆಯ ಬೆರಣಿಗೆ ಅಷ್ಟೂ ಕಾವು ಸಿಗುವುದಿಲ್ಲ, ಪುಡಿಬೂದಿಯೇ ಉಳಿಯುತ್ತದೆ. ದೊಡ್ಡ ರಾಶಿ ಉರಿದರೆ ಒಳಗಿನ ಬಿಸಿ ಹೊರಗೆ ಹೋಗಲಾರದು. ಸಿಲಿಕಾ ಕರಗುತ್ತದೆ, ಅನಿಲ ಗುಳ್ಳೆ ಎಬ್ಬಿಸುತ್ತದೆ, ಆರಿದ ಮೇಲೆ ಆ ಗುಳ್ಳೆಗಳೇ ತೂತುಗಳು.

ಸಗಣಿಯ ಮಾತನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಆಡಿದ್ದರು. ಸುಮ್ನೆ ಒಪ್ಪುವವರು ಯಾರು? 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯೇ ಸಿಕ್ಕಿತು. ಬೇಲಿಗೆ ಕಂಬ ನೆಟ್ಟ ಗುಳಿಗಳ ಸಾಲು, ಒಳಗೆ ದನದ ಗೊರಸಿನ ಅಚ್ಚು. ಸುಟ್ಟ ಬೇಲಿಯನ್ನು ಮತ್ತೆ ಕಟ್ಟಿದ್ದರು, ಮತ್ತೆ ಸುಟ್ಟಿತ್ತು.

ಮತ್ತೆ ಮತ್ತೆ ಸುಟ್ಟಿದ್ದೇಕೆ? ಸಂಕ್ರಾಂತಿಗೆ ನಮ್ಮಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಆಲ್ಚಿನ್ ಕೂಡ ಇಂಥ ಹಬ್ಬದ ಬೆಂಕಿಯತ್ತಲೇ ಬೆರಳು ತೋರಿಸಿದರು. ಆ ಊಹೆ ನನಗೆ ಸರಿ ಅನ್ನಿಸುತ್ತದೆ. ಆಕಸ್ಮಿಕ ಬೆಂಕಿ ಇಷ್ಟು ಸಲ ಒಂದೇ ಜಾಗಕ್ಕೆ ಬೀಳುವುದು ಕಷ್ಟ.

ಇಂಥ ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರುತ್ತಿದೆ. ಹೀಗೆ ಅಗೆದು ಒಯ್ದರೆ ಯಾವ ಪದರ ಮೊದಲು, ಯಾವುದು ಆಮೇಲೆ ಅನ್ನುವುದೇ ಅಳಿಸಿಹೋಗುತ್ತದೆ. ನೋಡಲು ಹೋದವರು ಕಿಟ್ಟದ ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ.