‘ಇನ್-ಯೂನಿವರ್ಸ್’ ಅಂದ್ರೆ ಏನು? ಊರು ಬಿಟ್ಟಿದ್ದು ಅಣ್ಣಾವ್ರಾ, ರಾಜೀವನಾ?

ಅಭಿಮಾನಿಗಳೇ ಸೇರಿ ನಡೆಸುವ ಯಾವ ವಿಕಿಗೆ (ಓದುವವರೇ ಬರೆದು ತಿದ್ದುವ ವೆಬ್‌ಸೈಟಿಗೆ) ಹೋದರೂ, ಅದರ ಬರವಣಿಗೆ ನಿಯಮಗಳ ಪುಟದಲ್ಲಿ ಈ ಪದ ಇದ್ದೇ ಇರುತ್ತದೆ: ಇನ್-ಯೂನಿವರ್ಸ್. ಹೊಸಬರು ಅದನ್ನು ದಾಟಿಕೊಂಡು ಹೋಗುತ್ತಾರೆ. ನಿಯಮಗಳ ಪುಟವನ್ನು ಯಾರು ಪೂರ್ತಿ ಓದ್ತಾರೆ, ಅಲ್ವಾ? ಆಮೇಲೆ ಅವರು ರಾತ್ರಿ ಕೂತು ಬರೆದದ್ದನ್ನು ಬೆಳಗ್ಗೆ ಬೇರೆ ಯಾರೋ ಬದಲಾಯಿಸಿ, ಬದಲಾವಣೆಯ ಸಾರಾಂಶದಲ್ಲಿ ‘ಇದು ಇನ್-ಯೂನಿವರ್ಸ್ ಪುಟ’ ಅಂತ ಒಂದೇ ಸಾಲು ಹಾಕಿ ಹೋಗಿರುತ್ತಾರೆ. ಆಗ ಸಿಟ್ಟು ಬರುತ್ತದೆ. ಸಿಟ್ಟು ಬಂದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅರ್ಥ ಸರಳ. ಕಥೆಯ ಒಳಗೆ ನಿಂತು ಬರೆಯುವುದು. ಪಾತ್ರ ನಿಜವಾಗಿ ಬದುಕಿದ್ದ ಮನುಷ್ಯ, ಘಟನೆ ನಿಜವಾಗಿ ನಡೆದದ್ದು ಅಂದುಕೊಂಡೇ ಬರೆಯಬೇಕು. ಆ ಪುಟದಲ್ಲಿ ನಟ ಇಲ್ಲ, ನಿರ್ದೇಶಕ ಇಲ್ಲ, ಕಾದಂಬರಿಕಾರ ಇಲ್ಲ, ಇಂಟರ್ವಲ್ ಕೂಡ ಇಲ್ಲ. ಇದರ ಎದುರಿನದು ಔಟ್-ಆಫ್-ಯೂನಿವರ್ಸ್, ಅಂದರೆ ಹೊರಗೆ ನಿಂತು ಬರೆಯುವುದು. ಸಿನಿಮಾ ಯಾವ ವರ್ಷದ್ದು, ಯಾರು ತೆಗೆದರು, ಪಾತ್ರ ಯಾರು ಮಾಡಿದರು ಎಂಬುದೆಲ್ಲ ಅಲ್ಲಿ ಬರುತ್ತದೆ.

ಹೇಳುವುದು ಸುಲಭ, ಬರೆಯುವಾಗ ಎಡವುತ್ತೇವೆ. ಅದರಲ್ಲೂ ಕನ್ನಡದವರು ಎಡವುವ ರೀತಿ ಬೇರೆ. ಮುಂಬೈ ಸುತ್ತಮುತ್ತಲಿನ ಡೊಂಬಿವಲಿ, ಮುಲುಂಡ್, ಠಾಣೆ ಕಡೆಯ ನಾವೊಂದಿಷ್ಟು ಜನ ಹಳೇ ಕನ್ನಡ ಸಿನಿಮಾ ಪಾತ್ರಗಳ ಒಂದು ಸಣ್ಣ ವಿಕಿ ನಡೆಸುತ್ತೇವೆ. ಗುಂಪಿನಲ್ಲಿ ಅರ್ಧದಷ್ಟು ಜನ ಮರಾಠಿ ಇಲ್ಲವೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕನ್ನಡ ಕಲಿತದ್ದು ಮನೆಯಲ್ಲಿ, ಜೊತೆಗೆ ಸಿನಿಮಾ ನೋಡಿ. ಹಾಗಾಗಿ ಮನೆಯಲ್ಲಿ ಅಜ್ಜಿ ಕಥೆ ಹೇಳಿದ ಹಾಗೇ ಬರೆಯುತ್ತಾರೆ. ಅಜ್ಜಿ ಹೇಗೆ ಹೇಳುತ್ತಾಳೆ? ‘ಕೊನೆಗೆ ಅಣ್ಣಾವ್ರು ಊರು ಬಿಟ್ಟು ಹೋಗ್ತಾರೆ ನೋಡು, ಕಣ್ಣಲ್ಲಿ ನೀರು ಬರುತ್ತೆ.’ ‘ಅಯ್ಯೋ, ಭಾರತಿನ ಎತ್ತು ತಿವಿದುಬಿಡುತ್ತೆ ಕಣೋ.’ ಪಾತ್ರದ ಹೆಸರು ನಮ್ಮ ಬಾಯಿಗೆ ಬರುವುದೇ ಇಲ್ಲ. ಸಿನಿಮಾದ ಕಥೆ ಹೇಳುವಾಗ ನಾವು ನಟರ ಹೆಸರಲ್ಲೇ ಹೇಳಿ ಮುಗಿಸುತ್ತೇವೆ. ಮಾತಿನಲ್ಲಿ ಇದು ಚೆಂದ. ವಿಕಿಯಲ್ಲಿ ಇದೇ ಗೋಳು.

‘ಬಂಗಾರದ ಮನುಷ್ಯ’ವನ್ನೇ ತಗೊಳ್ಳಿ. 1972ರ ಸಿನಿಮಾ, ಸಿದ್ದಲಿಂಗಯ್ಯ ನಿರ್ದೇಶನ, ಟಿ.ಕೆ. ರಾಮರಾವ್ ಅವರ ಕಾದಂಬರಿಯ ಮೇಲೆ ತೆಗೆದದ್ದು. ನಾಯಕನ ಹೆಸರು ರಾಜೀವ. ನಮ್ಮ ವಿಕಿಗೆ ಆ ಪಾತ್ರದ ಪುಟ ಮೊದಲು ಬಂದಾಗ ಅದರ ಮೊದಲ ಸಾಲು ಹೀಗಿತ್ತು: ‘ರಾಜೀವ ಅಂದರೆ ಡಾ. ರಾಜ್‌ಕುಮಾರ್ ಅವರು ಅಕ್ಕನ ಊರಿಗೆ ಬಂದು, ಕಷ್ಟಪಟ್ಟು ಬಂಜರು ಭೂಮಿಯಲ್ಲಿ ಬೆಳೆ ತೆಗೆದು, ಕೊನೆಗೆ ಮನನೊಂದು ಊರು ಬಿಟ್ಟು ಹೋಗುತ್ತಾರೆ.’

ಈ ಸಾಲಿನಲ್ಲಿ ಬೆಳೆ ತೆಗೆದವರು ಯಾರು? ಓದಿದರೆ ರಾಜ್‌ಕುಮಾರ್ ಅವರೇ ನೇಗಿಲು ಹಿಡಿದ ಹಾಗಿದೆ. ತಿದ್ದಿದ ಮೇಲೆ ಸಾಲು ಎರಡಾಯಿತು, ಎರಡೂ ಬೇರೆ ಬೇರೆ ಜಾಗಕ್ಕೆ ಹೋದವು. ಪುಟದ ಮೈಯಲ್ಲಿ: ‘ರಾಜೀವ ಅಕ್ಕನ ಊರಿಗೆ ಬಂದು ಬಂಜರು ಭೂಮಿಯಲ್ಲಿ ಬೆಳೆ ತೆಗೆದ. ಕೊನೆಗೆ ಮನನೊಂದು ಊರು ಬಿಟ್ಟ.’ ಕೆಳಗೆ ‘ತೆರೆಯ ಹಿಂದೆ’ ಎಂಬ ಭಾಗದಲ್ಲಿ: ‘ಈ ಪಾತ್ರವನ್ನು ಡಾ. ರಾಜ್‌ಕುಮಾರ್ ಮಾಡಿದರು.’

ಕ್ರಿಯಾಪದದ ಬಾಲ ಗಮನಿಸಿ. ಒಳಗಿನದು ‘ಬಿಟ್ಟ’. ಹೊರಗಿನದು ‘ಮಾಡಿದರು’. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ಅನುಕೂಲ ಇಲ್ಲ, ಅಲ್ಲಿ ಪಾತ್ರಕ್ಕೂ ನಟನಿಗೂ ಒಂದೇ ಕ್ರಿಯಾಪದ ಸಾಕು. ಕನ್ನಡದಲ್ಲಿ ಬಹುವಚನ ಬಂದ ತಕ್ಷಣ ನಾವು ಕಥೆಯಿಂದ ಹೊರಗೆ ಕಾಲಿಟ್ಟಿದ್ದೇವೆ ಅಂತ ಗೊತ್ತಾಗುತ್ತದೆ. ಪಾತ್ರದ ಪುಟದಲ್ಲಿ ‘-ದರು’, ‘-ತ್ತಾರೆ’ ಕಂಡರೆ ಅಲ್ಲಿ ನಟ ನುಸುಳಿರಬಹುದು ಅಂತ ನಿಲ್ಲಿ, ನೋಡಿ. ಹತ್ತರಲ್ಲಿ ಎಂಟು ಸಲ ನುಸುಳಿರುತ್ತಾನೆ. ಉಳಿದೆರಡು ಸಲ ಕಥೆಯಲ್ಲೇ ದೊಡ್ಡವರು ಯಾರೋ ಇರುತ್ತಾರೆ, ಇಲ್ಲವೇ ಗುಂಪು ಇರುತ್ತದೆ.

ಈ ಪದ್ಧತಿ ನಾವು ಕಂಡುಹಿಡಿದದ್ದೇನೂ ಅಲ್ಲ. ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಟೀವಿ ಸರಣಿಯ ಅಭಿಮಾನಿಗಳು 2003ರಲ್ಲಿ ಮೆಮೊರಿ ಆಲ್ಫಾ ಎಂಬ ವಿಕಿ ಶುರು ಮಾಡಿದರು. ಆ ಹೆಸರೂ ಕಥೆಯ ಒಳಗಿನದೇ: 1969ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಬರುವ ಗ್ರಂಥಾಲಯದ ಹೆಸರು ಅದು. ಅಲ್ಲಿ ಪಾತ್ರದ ಪುಟ ಪೂರ್ತಿ ಕಥೆಯೊಳಗಿಂದ, ಅದೂ ಭೂತಕಾಲದಲ್ಲಿ. ಆ ಸರಣಿಯ ಪಾತ್ರ ಸ್ಪಾಕ್ 2230ರಲ್ಲಿ ಹುಟ್ಟಿದ ಅಂತ ಆರಾಮಾಗಿ ಬರೆಯುತ್ತಾರೆ! ಇನ್ನೂ ಬಾರದ ವರ್ಷ, ಆದರೂ ‘ಹುಟ್ಟಿದ’. ಕಥೆ ಮುಗಿದ ಎಷ್ಟೋ ಕಾಲದ ಮೇಲೆ ಕೂತು ಬರೆಯುತ್ತಿದ್ದೇವೆ ಎಂಬ ಲೆಕ್ಕ. ಆ ಪಾತ್ರ ಟೀವಿಯಲ್ಲಿ ಬಂದದ್ದು 1966ರಲ್ಲಿ, ಮಾಡಿದವರು ಲಿಯೊನಾರ್ಡ್ ನಿಮೊಯ್ ಎಂಬುದಕ್ಕೆ ಬೇರೆಯೇ ಭಾಗ ಇದೆ. ಸ್ಟಾರ್ ವಾರ್ಸ್ ಸಿನಿಮಾಗಳ ಅಭಿಮಾನಿಗಳ ವಿಕಿ ವೂಕಿಪೀಡಿಯಾ 2005ರಲ್ಲಿ ಬಂತು, ಅದರ ದಾರಿಯೂ ಹೆಚ್ಚುಕಡಿಮೆ ಇದೇ.

ವಿಕಿಪೀಡಿಯಾ ಮಾತ್ರ ತದ್ವಿರುದ್ಧ. ಅಲ್ಲಿ ಕಾಲ್ಪನಿಕ ಪಾತ್ರದ ಲೇಖನವನ್ನೂ ಹೊರಗೆ ನಿಂತೇ ಬರೆಯಬೇಕು. ಕಥಾಸಾರಾಂಶ ಚಿಕ್ಕದಿರಬೇಕು, ವರ್ತಮಾನಕಾಲದಲ್ಲಿ ಇರಬೇಕು. ಪಾತ್ರಕ್ಕೆ ಹೊರಗಿನ ಪತ್ರಿಕೆ, ಪುಸ್ತಕಗಳಲ್ಲಿ ಗಮನ ಸಿಕ್ಕಿರಬೇಕು. ಕನ್ನಡ ವಿಕಿಪೀಡಿಯಾದಲ್ಲಿ ಬರೆದು ರೂಢಿ ಇರುವವರು ಅಭಿಮಾನಿ ವಿಕಿಗೆ ಬಂದಾಗ ಮೊದಲು ತಬ್ಬಿಬ್ಬಾಗುವುದು ಇಲ್ಲೇ. ಅಲ್ಲಿ ತಪ್ಪು ಅನಿಸಿಕೊಂಡದ್ದು ಇಲ್ಲಿ ಸರಿ. ಎರಡರಲ್ಲಿ ಒಂದು ಮೇಲು ಅಂತ ವಾದ ಮಾಡುವವರನ್ನು ನೋಡಿದ್ದೇನೆ, ಅದು ಸುಮ್ನೆ ಟೈಮ್‌ಪಾಸ್. ಎರಡರ ಓದುಗರೇ ಬೇರೆ. ಒಬ್ಬರಿಗೆ ಸಿನಿಮಾ ಏನು ಅಂತ ತಿಳಿಯಬೇಕು, ಇನ್ನೊಬ್ಬರಿಗೆ ಸಿನಿಮಾ ಬಾಯಿಪಾಠ, ಆ ಎರಡನೇ ಸೀನ್‌ನಲ್ಲಿ ಬಂದ ಚಿಕ್ಕಪ್ಪನ ಹೆಸರು ಬೇಕು.

ಇನ್-ಯೂನಿವರ್ಸ್ ಬರವಣಿಗೆಯ ನಿಜವಾದ ಕಷ್ಟ ಇರುವುದು ಅಂಚಿನಲ್ಲಿ. ಕಥೆ ಎಲ್ಲಿ ನಿಲ್ಲುತ್ತದೋ ಪುಟವೂ ಅಲ್ಲೇ ನಿಲ್ಲಬೇಕು. ರಾಜೀವ ಊರು ಬಿಟ್ಟ. ಆಮೇಲೆ? ಸಿನಿಮಾ ಹೇಳುವುದಿಲ್ಲ. ನಮ್ಮ ಪುಟದಲ್ಲಿ ಒಬ್ಬರು ‘ಆಮೇಲೆ ರಾಜೀವ ಬೇರೆ ಊರಿನಲ್ಲಿ ಒಂಟಿಯಾಗಿ ಬದುಕಿದ’ ಅಂತ ಸೇರಿಸಿದ್ದರು. ಇನ್ನೊಬ್ಬರು ಅದನ್ನು ತೆಗೆದು ‘ಆತ ಮುಂದೆ ಏನಾದ ಎಂಬುದನ್ನು ಚಿತ್ರ ತೋರಿಸುವುದಿಲ್ಲ’ ಅಂತ ಹಾಕಿದರು. ಮೊದಲನೆಯದು ಊಹೆ. ಎರಡನೆಯದು ನಿಜ, ಆದರೆ ‘ಚಿತ್ರ’ ಅಂದ ಕೂಡಲೇ ಕಥೆಯ ಹೊರಗೆ ಬಂದೆವು. ಚರ್ಚೆ ಪುಟದಲ್ಲಿ ಇದಕ್ಕೊಂದು ದೊಡ್ಡ ಜಗಳವೇ ಆಯಿತು, ಲೋಕಲ್‌ನಲ್ಲಿ ನಿಂತುಕೊಂಡು ಮೊಬೈಲ್‌ನಲ್ಲೇ ಟೈಪ್ ಮಾಡಿದ ಉತ್ತರಗಳು, ಒಂದರಲ್ಲೂ ಒತ್ತಕ್ಷರ ನೆಟ್ಟಗಿಲ್ಲ. ಕೊನೆಗೆ ಪುಟದ ಮೈ ‘ಊರು ಬಿಟ್ಟ’ ಎಂಬಲ್ಲಿಗೇ ನಿಂತಿತು. ಎರಡನೆಯವರ ಸಾಲು ‘ತೆರೆಯ ಹಿಂದೆ’ ಭಾಗಕ್ಕೆ ಇಳಿಯಿತು. ‘ಬಹುಶಃ’, ‘ಇರಬಹುದು’ ಎಂಬ ಪದಗಳು ಪಾತ್ರದ ಪುಟದಲ್ಲಿ ಬರಬಾರದು ಎಂಬ ನಿಯಮವೂ ಆವತ್ತೇ ಬಂತು. ನನ್ನ ಪ್ರಕಾರ ನಮ್ಮ ಇಡೀ ನಿಯಮಾವಳಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಸಾಲು ಅದೇ.

ಹಾಡುಗಳದ್ದು ಇನ್ನೊಂದು ತಮಾಷೆ. ಕಥೆಯ ಒಳಗೆ ಹಾಡಿದ್ದು ರಾಜೀವ. ಹೊರಗೆ ರಾಜ್‌ಕುಮಾರ್ ಅವರಿಗೆ ದನಿ ಕೊಟ್ಟದ್ದು ಪಿ.ಬಿ. ಶ್ರೀನಿವಾಸ್. ಹಾಗಾದರೆ ಪಾತ್ರದ ಪುಟದಲ್ಲಿ ‘ರಾಜೀವ ಚೆನ್ನಾಗಿ ಹಾಡುತ್ತಿದ್ದ’ ಅಂತ ಬರೆಯಬಹುದಾ? ಬರೆಯಬಾರದು ಅಂತ ನಾವು ತೀರ್ಮಾನಿಸಿದ್ದೇವೆ. ಕಥೆಯಲ್ಲೇ ಅವನನ್ನು ಯಾರಾದರೂ ಹಾಡುಗಾರ ಅಂತ ಗುರುತಿಸಿದ್ದರೆ ಸರಿ, ಇಲ್ಲದಿದ್ದರೆ ಕನ್ನಡ ಸಿನಿಮಾದ ನಾಯಕರೆಲ್ಲ ಹಾಡುಗಾರರೇ ಆಗಿಬಿಡುತ್ತಾರೆ.

ಇನ್ನು ‘ಒಳಗೆ’ ಅಂದರೆ ಯಾವುದರ ಒಳಗೆ? ಕಾದಂಬರಿಯದ್ದಾ, ಸಿನಿಮಾದ್ದಾ? ಇದಕ್ಕೆ ಕ್ಯಾನನ್ ಎಂಬ ಇನ್ನೊಂದು ಪದ ಇದೆ: ಈ ವಿಕಿ ಯಾವುದನ್ನು ಅಧಿಕೃತ ಕಥೆ ಅಂತ ಒಪ್ಪುತ್ತದೆ ಎಂಬ ಪಟ್ಟಿ. ಸ್ಟಾರ್ ವಾರ್ಸ್‌ನವರಿಗೆ 2014ರಲ್ಲಿ ಇದರ ಬಿಸಿ ತಟ್ಟಿತು. ಅಲ್ಲಿಯ ತನಕ ಬಂದಿದ್ದ ಕಾದಂಬರಿ, ಕಾಮಿಕ್ಸ್‌ಗಳನ್ನೆಲ್ಲ ಆ ಸಿನಿಮಾಗಳ ಕಂಪನಿ ಲೂಕಸ್‌ಫಿಲ್ಮ್ ಒಮ್ಮೆಗೇ ‘ಲೆಜೆಂಡ್ಸ್’ ಅಂತ ಪಕ್ಕಕ್ಕಿಟ್ಟಿತು. ವೂಕಿಪೀಡಿಯಾದಲ್ಲಿ ಈಗ ಒಂದೇ ಪಾತ್ರಕ್ಕೆ ಎರಡು ಪುಟ, ಮೇಲೆ ಎರಡು ಟ್ಯಾಬ್. ನಮಗೆ ಇದು ಹೊಸದೇನೂ ಅಲ್ಲ ಬಿಡಿ. ದ್ರೌಪದಿಯ ಗಂಡಂದಿರು ಯಾರು ಅಂತ ಕೇಳಿ ನೋಡಿ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಆಕೆ ಅರ್ಜುನನೊಬ್ಬನ ಹೆಂಡತಿ. ಕುಮಾರವ್ಯಾಸನಲ್ಲಿ ಐವರ ಹೆಂಡತಿ. ‘ದ್ರೌಪದಿ’ ಅಂತ ಒಂದೇ ಪುಟ ಮಾಡಿ ಎರಡನ್ನೂ ಕಲಸಿದರೆ ಯಾವ ಕವಿಯ ಕಥೆಗೂ ನ್ಯಾಯ ಸಿಗುವುದಿಲ್ಲ.

ಯಕ್ಷಗಾನದ ಪಾತ್ರಗಳನ್ನೂ ಸೇರಿಸೋಣ ಅಂತ ನಮ್ಮ ಕರಾವಳಿ ಕಡೆಯ ಗೆಳೆಯರು ಆಗಾಗ ಹೇಳುತ್ತಾರೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ, ಮಳೆಗಾಲದಲ್ಲಿ ಮುಂಬೈಗೆ ತಂಡಗಳು ಬರುತ್ತವಲ್ಲ, ಆಗ ಈ ಒತ್ತಾಯ ಜಾಸ್ತಿ. ಆಸೆ ನನಗೂ ಇದೆ. ತೊಡಕು ಏನೆಂದರೆ, ಪ್ರಸಂಗದ ಪದ್ಯ ಅಚ್ಚಿನಲ್ಲಿ ಇರುತ್ತದೆ, ಆದರೆ ಅರ್ಥ ಹೇಳುವವರು ರಂಗದ ಮೇಲೆ ನಿಂತಾಗಲೇ ಅದನ್ನು ಕಟ್ಟುತ್ತಾರೆ. ಮಾಟುಂಗದ ಒಂದು ಸಂಜೆ ಕರ್ಣ ಆಡಿದ ಮಾತು ಮಾರನೇ ವಾರ ಇನ್ನೊಬ್ಬ ಕಲಾವಿದರ ಬಾಯಲ್ಲಿ ಬೇರೆಯೇ ಆಗಿರುತ್ತದೆ. ಎರಡೂ ಕಥೆಯ ಒಳಗಿನವೇ ತಾನೆ? ಸದ್ಯಕ್ಕೆ ನಾವು ಇಟ್ಟುಕೊಂಡಿರುವ ಯೋಚನೆ ಇಷ್ಟು: ಪಾತ್ರದ ಪುಟಕ್ಕೆ ಪದ್ಯವೇ ಆಧಾರ. ಅರ್ಥಧಾರಿ ಸೇರಿಸಿದ ಮಾತು, ಎಷ್ಟೇ ಚೆನ್ನಾಗಿದ್ದರೂ, ಯಾರು, ಎಲ್ಲಿ, ಯಾವತ್ತು ಹೇಳಿದರು ಎಂಬ ವಿವರದ ಜೊತೆ ಹೊರಗಿನ ಭಾಗಕ್ಕೆ. ಕೆಲವರಿಗೆ ಇದು ಬೇಜಾರು. ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯ ಪ್ರಿಯರಿಗಂತೂ ತುಂಬಾ ಬೇಜಾರು, ಅವರಿಗೆ ಮಾತೇ ಕಥೆ.

ಕಾಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಾತ್ರದ ಪುಟಕ್ಕೆ ಭೂತಕಾಲ, ಸಿನಿಮಾ ಪುಟದ ಕಥಾಸಾರಾಂಶಕ್ಕೆ ವರ್ತಮಾನ. ‘ಬಂದ’ ಸಾಕು, ‘ಬಂದನು’ ಬೇಡ, ಓದಲು ಪಠ್ಯಪುಸ್ತಕದ ಹಾಗಾಗುತ್ತದೆ. ವಿಜಯಪುರದ ಕಡೆಯವರು ‘ಬರತಾನ’ ಅಂತಲೇ ಬರೆದರೂ ಪರವಾಗಿಲ್ಲ, ತಿದ್ದುವವರು ಬಾಲ ಸರಿಮಾಡುತ್ತಾರೆ. ಅದಕ್ಕೆ ಯಾರನ್ನೂ ಬೈಯುವಂತಿಲ್ಲ.

ಬಹುವಚನ ನೋಡಿ ಒಳಗೋ ಹೊರಗೋ ಕಂಡುಹಿಡಿಯಬಹುದು ಅಂದೆನಲ್ಲ, ಅದು ಕೈಕೊಡುವ ಒಂದು ಜಾಗ ಇದೆ. ಐತಿಹಾಸಿಕ ಸಿನಿಮಾ. 1975ರ ‘ಮಯೂರ’ದ ನಾಯಕ ನಿಜವಾಗಿ ಇದ್ದ ದೊರೆ, ಬನವಾಸಿಯ ಕದಂಬರ ಮನೆತನ ಶುರು ಮಾಡಿದ ಮಯೂರಶರ್ಮ. ಆತ ಕಂಚಿಗೆ ಓದಲು ಹೋಗಿ, ಪಲ್ಲವರ ಕಡೆಯವನಿಂದ ಅವಮಾನವಾಗಿ, ಕತ್ತಿ ಹಿಡಿದ ವಿಷಯ ತಾಳಗುಂದದ ಕಂಬದ ಶಾಸನದಲ್ಲೇ ಇದೆ. ಸಿನಿಮಾಕ್ಕೆ ಆಧಾರ ದೇವುಡು ನರಸಿಂಹ ಶಾಸ್ತ್ರಿಗಳ ಕಾದಂಬರಿ. ಅಂದರೆ ಶಾಸನದವನು, ಕಾದಂಬರಿಯವನು, ಸಿನಿಮಾದವನು ಅಂತ ಮೂವರು ಆದರು. ಸಾಲದ್ದಕ್ಕೆ ಇತಿಹಾಸ ಬರೆಯುವಾಗಲೂ ನಾವು ರಾಜರನ್ನು ಏಕವಚನದಲ್ಲೇ ಕರೆಯುತ್ತೇವೆ. ಕೃಷ್ಣದೇವರಾಯ ‘ಆಳಿದ’, ಪುಲಿಕೇಶಿ ‘ಗೆದ್ದ’. ಹಾಗಾಗಿ ಒಳಗೂ ‘ಕತ್ತಿ ಹಿಡಿದ’, ಹೊರಗೂ ‘ಕತ್ತಿ ಹಿಡಿದ’.

ಇಲ್ಲಿ ಕ್ರಿಯಾಪದ ನಂಬಬೇಡಿ. ಪುಟದ ಹೆಸರಲ್ಲೇ ‘ಮಯೂರ (ಪಾತ್ರ)’ ಅಂತ ಹಾಕಿ, ತಲೆಯ ಮೇಲೆ ಒಂದು ಟೆಂಪ್ಲೇಟು ಇಡಿ: ‘ಇದು ಸಿನಿಮಾ ಪಾತ್ರದ ಬಗ್ಗೆ. ದೊರೆಯ ಬಗ್ಗೆ ತಿಳಿಯಲು ಕನ್ನಡ ವಿಕಿಪೀಡಿಯಾ ನೋಡಿ.’ ಶಾಸನದಲ್ಲಿ ಇದೆ, ಸಿನಿಮಾದಲ್ಲಿ ಇಲ್ಲ ಎಂಬುದು ಯಾವುದೂ ಪುಟದ ಮೈಗೆ ಬೇಡ. ಸಿನಿಮಾದಲ್ಲಿ ಇದ್ದು ಶಾಸನದಲ್ಲಿ ಇಲ್ಲದ್ದು ಮೈಯಲ್ಲೇ ಇರಲಿ, ಅದನ್ನು ‘ಇತಿಹಾಸದಲ್ಲಿ ಹೀಗಿಲ್ಲ’ ಅಂತ ಅಳಿಸಲು ಬರುವವರು ಇದ್ದೇ ಇರುತ್ತಾರೆ. ಅವರಿಗೆ ಚರ್ಚೆ ಪುಟದಲ್ಲಿ ಈ ಬರಹದ ಲಿಂಕ್ ಕೊಟ್ಟು, ಅಳಿಸಿದ್ದನ್ನು ವಾಪಸ್ ಹಾಕಿ.